ದೂರ ಗೊತ್ತಿದ್ದರೆ ಹಾರಾಟದ ಹೊತ್ತನ್ನು ಲೆಕ್ಕ ಹಾಕಬಹುದು

ತಡೆರಹಿತ ವಿಮಾನಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತಿಳಿಯಲು, ಎರಡು ನಗರಗಳ ನಡುವಿನ ನೇರ ದೂರದ ಕಿಲೋಮೀಟರುಗಳನ್ನು 850ರಿಂದ ಭಾಗಿಸಿ, ಬಂದ ಗಂಟೆಗಳಿಗೆ ಅರ್ಧ ಗಂಟೆ ಸೇರಿಸಿ. ದೊಡ್ಡ ಜೆಟ್ ವಿಮಾನಗಳು ಮೇಲೇರಿದ ಬಳಿಕ ಗಂಟೆಗೆ ಸುಮಾರು 900 ಕಿ.ಮೀ. ವೇಗದಲ್ಲಿ ಸಾಗಿದರೂ ದಾರಿ ಅಲ್ಲಲ್ಲಿ ಬಳಸಿಕೊಂಡು ಹೋಗುವುದರಿಂದ 850 ಸರಿಹೊಂದುತ್ತದೆ. ಏರುವಾಗ, ಇಳಿಯುವಾಗ ಆಗುವ ನಿಧಾನಕ್ಕೆ ಆ ಅರ್ಧ ಗಂಟೆ. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ಸುಮಾರು 14,000 ಕಿ.ಮೀ. ದೂರವಿದ್ದು, ಲೆಕ್ಕಕ್ಕೆ 17 ಗಂಟೆ ಸಿಗುತ್ತದೆ. 2021ರ ಜನವರಿಯಲ್ಲಿ ಉತ್ತರ ಧ್ರುವದ ಮಾರ್ಗವಾಗಿ ಅಲ್ಲಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾ ವಿಮಾನಕ್ಕೂ ಹೆಚ್ಚುಕಡಿಮೆ ಅಷ್ಟೇ ಹಿಡಿದಿತ್ತು. ದೂರವನ್ನು ದಯವಿಟ್ಟು ಗೋಡೆಯ ಭೂಪಟದ ಮೇಲೆ ಅಳೆಯಬೇಡಿ, ಅದು ಧ್ರುವಗಳ ಕಡೆಯ ಭಾಗವನ್ನು ಹಿಗ್ಗಿಸಿ ತೋರಿಸುತ್ತದೆ. ಮಕ್ಕಳ ಗ್ಲೋಬಿನ ಮೇಲೆ ಎರಡು ಊರುಗಳ ನಡುವೆ ಹೊಲಿಗೆ ದಾರವನ್ನು ಬಿಗಿಯಾಗಿ ಎಳೆದು, ಅದೇ ದಾರವನ್ನು ಸಮಭಾಜಕ ವೃತ್ತದ ಮೇಲಿಟ್ಟು, ಅದು ಎಷ್ಟು ಡಿಗ್ರಿ ವ್ಯಾಪಿಸುತ್ತದೆಯೋ ಅದನ್ನು 111ರಿಂದ ಗುಣಿಸಿದರೆ ದೂರ ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ಪಶ್ಚಿಮದಿಂದ ಬೀಸುವ ಎತ್ತರದ ಗಾಳಿಗೆ ಎದುರಾಗಿ ಹೋಗುವಾಗ, ಉದಾಹರಣೆಗೆ ಬೆಂಗಳೂರಿನಿಂದ ಲಂಡನ್ನಿಗೆ, ಮತ್ತು ಯಾವುದಾದರೂ ದೇಶ ತನ್ನ ವಾಯುಪ್ರದೇಶವನ್ನು ಮುಚ್ಚಿದಾಗ ಈ ಲೆಕ್ಕಕ್ಕಿಂತ ಹೆಚ್ಚು ಹೊತ್ತಾಗುತ್ತದೆ. ಎಟಿಆರ್‌ನಂತಹ ಸಣ್ಣ ಪ್ರೊಪೆಲ್ಲರ್ ವಿಮಾನಗಳ ವೇಗ ಗಂಟೆಗೆ ಸುಮಾರು 500 ಕಿ.ಮೀ. ಮಾತ್ರವಾದ್ದರಿಂದ ಅವುಗಳಿಗೆ ಇದು ಅನ್ವಯಿಸುವುದೇ ಇಲ್ಲ. ಟಿಕೆಟ್ಟಿನೊಂದಿಗೆ ತಾಳೆ ನೋಡುವವರು, ಅದರಲ್ಲಿ ಅಚ್ಚಾಗಿರುವುದು ಆಯಾ ಊರಿನ ಸ್ಥಳೀಯ ಸಮಯ ಎಂಬುದನ್ನು ಗಮನಿಸಬೇಕು.