ಪಿಯುಸಿ ಮುಗೀತು, ಮುಂದೇನು? ಮೊದಲು ಫೈಲು ತೆಗೆಯಿರಿ

ನನ್ನಕ್ಕನ ಮಗನಿಗೆ ದ್ವಿತೀಯ ಪಿಯುಸಿಯಲ್ಲಿ ಅಂಕ ಚೆನ್ನಾಗೇ ಬಂದಿತ್ತು. ಆದರೂ ಮನೆಯವರೆಲ್ಲ ಹನ್ನೊಂದು ದಿನ ಅಲೆದರು. ಕಾರಣ ಒಂದು ಇನಿಷಿಯಲ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅವನ ಹೆಸರಿನ ಕೊನೆಗೆ ‘ಎಂ’ ಅಂತ ಮಾತ್ರ ಇತ್ತು. ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಆದಾಯ ಪ್ರಮಾಣಪತ್ರದಲ್ಲಿ ಅದೇ ಅಪ್ಪನ ಹೆಸರಿನ ಒಂದು ಒತ್ತಕ್ಷರ ಮಾಯ. ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸಿದರು. ಅಲ್ಲಿಯವರು ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅಂದರು.

ಅದಕ್ಕೇ ಈಗ ಯಾರಾದರೂ ಮಕ್ಕಳು ‘ಮುಂದೇನು ಮಾಡಲಿ’ ಅಂತ ಕೇಳಿದರೆ ನಾನು ಕೋರ್ಸಿನ ಮಾತೇ ಎತ್ತುವುದಿಲ್ಲ. ಮೊದಲು ಫೈಲು ತೆಗಿ ಅನ್ನುತ್ತೇನೆ.

ಕಾಗದಪತ್ರ

ಎರಡೂ ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ವ್ಯಾಸಂಗ ಪ್ರಮಾಣಪತ್ರ ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಹರಡಿ. ಒಬ್ಬರು ಹೆಸರನ್ನು ಅಕ್ಷರ ಬಿಡಿಸಿ ಓದಲಿ, ಇನ್ನೊಬ್ಬರು ತಾಳೆ ನೋಡಲಿ. ಒಬ್ಬರೇ ನೋಡಿದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ, ನಮ್ಮ ಹೆಸರು ನಮಗೆ ಅಷ್ಟು ರೂಢಿಯಾಗಿರುತ್ತದೆ.

ಜಾತಿ, ಆದಾಯ ಪತ್ರದ ಮೇಲೆ ‘ಆರ್‌ಡಿ’ ಅಂತ ಶುರುವಾಗುವ ನಂಬರ್ ಇರುತ್ತದೆ. ಎಂಜಿನಿಯರಿಂಗ್ ಮುಂತಾದ ಕೋರ್ಸುಗಳ ಪ್ರವೇಶ ಪರೀಕ್ಷೆ ಸಿಇಟಿಯ ಅರ್ಜಿಗೂ ವಿದ್ಯಾರ್ಥಿವೇತನಕ್ಕೂ ಅದು ಬೇಕೇ ಬೇಕು. ಆದಾಯ ಪತ್ರಕ್ಕೆ 5 ವರ್ಷದ ಅವಧಿ. ಹೈಸ್ಕೂಲಿಗೆ ಸೇರುವಾಗ ಮಾಡಿಸಿದ್ದು ಈ ಹೊತ್ತಿಗೆ ಮುಗಿದಿರುತ್ತದೆ ಅಥವಾ ಮುಗಿಯುವುದರಲ್ಲಿ ಇರುತ್ತದೆ. ನಾಡಕಚೇರಿಯಲ್ಲೋ ಬೆಂಗಳೂರು ಒನ್‌ನಲ್ಲೋ ಹೊಸದಕ್ಕೆ ಅರ್ಜಿ ಹಾಕಿ. ಸಿಇಟಿ ನೂಕುನುಗ್ಗಲು ಶುರುವಾಗುವ ಮುಂಚೆ ಹಾಕಿ.

ಇನ್ನೊಂದು ಮಾತು. 1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟಿನಲ್ಲಿ ಮೀಸಲಾತಿ ಇದೆ. ಇದು ಹಳ್ಳಿಯವರಿಗೆ ಮಾತ್ರ ಅಂದುಕೊಂಡು ಬೆಂಗಳೂರಿನ ಎಷ್ಟೋ ಮಕ್ಕಳು ಬಿಟ್ಟುಬಿಡುತ್ತಾರೆ. ಗ್ರಾಮೀಣ ಕೋಟಾ ಬೇರೆ, ಇದು ಬೇರೆ. ಇಲ್ಲೇ ಪಕ್ಕದ ಸರ್ಕಾರಿ ಶಾಲೆಯಲ್ಲಿ ಹತ್ತು ವರ್ಷವೂ ಕನ್ನಡದಲ್ಲಿ ಓದಿದ್ದರೆ ನಿಮಗೂ ಸಿಗುತ್ತದೆ. ಶಾಲೆಯ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿ ಮಾಡಿಸಿಕೊಳ್ಳಿ.

ಬಾಗಿಲುಗಳು

ಸಿಇಟಿ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಮಲ್ಲೇಶ್ವರದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುತ್ತದೆ, ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಎಂಬಿಬಿಎಸ್‌ಗೆ ನೀಟ್, ಆರ್ಕಿಟೆಕ್ಚರ್‌ಗೆ ನಾಟಾ, ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಒಂದಿಷ್ಟು ಸೀಟಿಗೆ ಕಾಮೆಡ್-ಕೆ ಪರೀಕ್ಷೆ.

ಪಕ್ಕದ ಸಣ್ಣ ಬಾಗಿಲುಗಳನ್ನು ಜನ ನೋಡುವುದು ಕಡಿಮೆ. ವಿಜ್ಞಾನದಲ್ಲಿ ಪಿಯುಸಿ ಪಾಸಾದವರು ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೇ ಸೇರಬಹುದು. ಡಿಪ್ಲೊಮಾ ಮುಗಿಸಿ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ಎಂಜಿನಿಯರಿಂಗ್‌ಗೂ ನೇರ ಎರಡನೇ ವರ್ಷಕ್ಕೆ ಪ್ರವೇಶ. ಮೆಷಿನ್ ಮುಂದೆ ನಿಂತು ಕೆಲಸ ಮಾಡುವುದು ಇಷ್ಟವಿದ್ದರೆ ರಾಜಾಜಿನಗರದ ಜಿಟಿಟಿಸಿಗೆ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಒಮ್ಮೆ ಹೋಗಿ ಬನ್ನಿ. 1972ರಲ್ಲಿ ಡೆನ್ಮಾರ್ಕಿನ ಸಹಕಾರದಿಂದ ಶುರುವಾದ ಸಂಸ್ಥೆ ಅದು. ಕೃಷಿಕರ ಮನೆಯ ಮಕ್ಕಳಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯ ಬಿಎಸ್ಸಿ ಕೃಷಿಯಲ್ಲಿ ಪ್ರತ್ಯೇಕ ಕೋಟಾ ಉಂಟು, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಉಪಕರಣ ಗುರುತು ಹಿಡಿಯಬೇಕು. ಬೆಂಗಳೂರಿನ ವಿಜಯನಗರದಲ್ಲಿ ಬೆಳೆದ ಮಗು ರಾಗಿಗೂ ನವಣೆಗೂ ಕಣ್ಣುಕಣ್ಣು ಬಿಟ್ಟರೆ ಕಷ್ಟ. ಎರಡು ವಾರ ಅಜ್ಜಿ ಊರಿಗೆ ಕಳಿಸಿ.

ವಾಣಿಜ್ಯದವರು ಬಿಕಾಂ ಓದುತ್ತಲೇ ಸಿಎ ಫೌಂಡೇಷನ್ ಬರೆಯಬಹುದು. ಐದು ವರ್ಷದ ಕಾನೂನು ಕೋರ್ಸಿಗೆ ಯಾವ ವಿಭಾಗದವರಾದರೂ ಸರಿ. ಚಿತ್ರದ ಕೈ ಇದ್ದರೆ ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿದೆ. ಡಿಗ್ರಿ ಮೂರು ವರ್ಷವೋ ನಾಲ್ಕೋ ಅನ್ನುವ ಗೊಂದಲ ಇನ್ನೂ ಕೆಲವರಿಗಿದೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 2024-25ರಿಂದ ಮತ್ತೆ ಮೂರೇ.

ಕಾಲೇಜನ್ನು ಸೋಮವಾರ ನೋಡಿ

ಭಾನುವಾರ ಕಾರಿನಲ್ಲಿ ಹೋಗಿ ‘ಅರ್ಧ ಗಂಟೆ ದಾರಿ ಅಷ್ಟೇ’ ಅನ್ನುವವರನ್ನು ನಂಬಬೇಡಿ. ಸೋಮವಾರ ಬೆಳಿಗ್ಗೆ, ದಿನಾ ಹೊರಡಬೇಕಾದ ಹೊತ್ತಿಗೇ, ಬಸ್ಸಿನಲ್ಲೋ ಮೆಟ್ರೊದಲ್ಲೋ ಹೋಗಿ. ಯಲಹಂಕದ ಮನೆಯಿಂದ ಎಲೆಕ್ಟ್ರಾನಿಕ್ ಸಿಟಿ ಕಡೆಯ ಕಾಲೇಜು ಅಂದರೆ ಊರನ್ನು ಆ ತುದಿಯಿಂದ ಈ ತುದಿಗೆ ದಿನಾ ಎರಡು ಸಲ ದಾಟಿದಂತೆ. ನಾಲ್ಕು ವರ್ಷ ಅದು ಆಗುವ ಮಾತಲ್ಲ. ಕಾಲೇಜಿನ ಹೆಸರಿಗಿಂತ ಈ ಲೆಕ್ಕವೇ ಎಷ್ಟೋ ಮಕ್ಕಳ ಓದನ್ನು ತಿನ್ನುತ್ತದೆ ಅನ್ನುವುದು ನನ್ನ ಅನಿಸಿಕೆ.

ಆಫೀಸಿನಲ್ಲಿ ಕೊಡುವ ಬಣ್ಣದ ಪುಸ್ತಕ ಈಸಿಕೊಳ್ಳಿ, ಬ್ಯಾಗಿಗೆ ಹಾಕಿ. ಆಮೇಲೆ ಕ್ಯಾಂಟೀನಿಗೆ ಹೋಗಿ ಒಂದು ಟೀ ತಗೊಂಡು ಸೀನಿಯರ್‌ಗಳ ಪಕ್ಕ ಕೂತುಕೊಳ್ಳಿ. ಲ್ಯಾಬಿನಲ್ಲಿ ಒಂದು ಮೆಷಿನ್‌ಗೆ ಎಷ್ಟು ಜನ? ಯಾವ ಮೇಷ್ಟ್ರು ಕಳೆದ ವರ್ಷ ಬಿಟ್ಟುಹೋದರು? ಪ್ಲೇಸ್‌ಮೆಂಟ್‌ನಲ್ಲಿ ದೊಡ್ಡ ಸಂಬಳ ಎಷ್ಟು ಅಂತ ಕೇಳಬೇಡಿ, ಅದು ಹೊರಗಿನ ಬೋರ್ಡಿನಲ್ಲೇ ಇರುತ್ತದೆ. ಮಧ್ಯದ ಹುಡುಗನಿಗೆ ಎಷ್ಟು ಬಂತು ಕೇಳಿ.

ದುಡ್ಡು

ಒಂದೇ ಕಾಲೇಜು, ಒಂದೇ ಬೆಂಚು, ಆದರೆ ಸಿಇಟಿ ಸೀಟಿಗೊಂದು ಫೀಸು, ಕಾಮೆಡ್-ಕೆಗೊಂದು, ಮ್ಯಾನೇಜ್‌ಮೆಂಟ್ ಸೀಟಿಗೊಂದು. ಬರೀ ಮೊದಲ ವರ್ಷದ್ದಲ್ಲ, ಕೋರ್ಸು ಮುಗಿಯುವವರೆಗಿನ ಲೆಕ್ಕ ಬರೆಯಿರಿ. ಪಿಜಿ ಬಾಡಿಗೆ, ಬಸ್ಸು, ಲ್ಯಾಪ್‌ಟಾಪು ಸೇರಿಸಿ ಬರೆಯಿರಿ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ, ಅಂದರೆ ಮಾಮೂಲಿ ಸೀಟುಗಳ ಮೇಲೆ ಹೆಚ್ಚುವರಿ) ಸೀಟು ಅಂತ ಇದೆ, ಬೋಧನಾ ಶುಲ್ಕ ಇರುವುದಿಲ್ಲ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಸರ್ಕಾರಿ ಹಾಸ್ಟೆಲ್‌ಗೆ ಎಸ್‌ಎಚ್‌ಪಿ ಪೋರ್ಟಲ್. ವಿದ್ಯಾರ್ಥಿಯ ಹೆಸರಿನಲ್ಲೇ ಬ್ಯಾಂಕ್ ಖಾತೆ ಇದ್ದು, ಅದಕ್ಕೆ ಆಧಾರ್ ಜೋಡಣೆ ಆಗಿರಬೇಕು. ಇಲ್ಲದಿದ್ದರೆ ಮಂಜೂರಾದ ದುಡ್ಡೂ ಕೈಗೆ ಬರುವುದಿಲ್ಲ.

ಆಪ್ಷನ್ ಎಂಟ್ರಿ

ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಕೆಇಎಗೆ ಪಟ್ಟಿ ಮಾಡಿ ಕೊಡುವುದೇ ಆಪ್ಷನ್ ಎಂಟ್ರಿ. ಜನ ಎಡವುವುದು ಇಲ್ಲೇ. ನಮ್ಮ ಬೀದಿಯ ಹುಡುಗಿಯೊಬ್ಬಳು ನೂರು ಪುಟದ ನೋಟ್‌ಬುಕ್ಕಿನಲ್ಲಿ 60 ಆಪ್ಷನ್ ಬರೆದಿದ್ದಳು. ಮೊದಲ ಹತ್ತು ನೀಟಾಗಿ, ಕೊನೆಯ ಇಪ್ಪತ್ತು ಸುಮ್ನೆ ತುಂಬಿಸಿದ್ದು. 47ನೆಯದು ಸಿಕ್ಕಿತು. ಆ ಕಾಲೇಜು ಎಲ್ಲಿದೆ ಅಂತ ಅವಳು ಮ್ಯಾಪಿನಲ್ಲಿ ಹುಡುಕಿದ್ದೇ ಸೀಟು ಸಿಕ್ಕ ಮೇಲೆ.

ಕಂಪ್ಯೂಟರ್ ಮೇಲಿನಿಂದ ಕೆಳಗೆ ನೋಡುತ್ತಾ ಬರುತ್ತದೆ, ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲನೆಯದನ್ನು ಕೊಟ್ಟು ನಿಲ್ಲುತ್ತದೆ. ಹಾಗಾಗಿ ಕಳೆದ ವರ್ಷದ ಕಟಾಫ್ ನೋಡಿ ಹೆದರಿ ಇಷ್ಟದ ಕಾಲೇಜನ್ನು ಕೆಳಗೆ ತಳ್ಳಬೇಡಿ. ಮೇಲೆ ಹಾಕಿದರೆ ನಷ್ಟವೇನೂ ಇಲ್ಲ. ಸಿಕ್ಕರೂ ಹೋಗುವುದಿಲ್ಲ ಅನ್ನುವ ಕಾಲೇಜನ್ನು ಬರೆಯಲೇಬೇಡಿ. ಅಣಕು ಹಂಚಿಕೆ (ಯಾವ ಸೀಟು ಸಿಗಬಹುದು ಅಂತ ಮೊದಲೇ ತೋರಿಸುವ ಪಟ್ಟಿ) ಬಂದಾಗ ನೋಡಿ, ಕ್ರಮ ಬದಲಿಸಲು ಆಗ ಅವಕಾಶ ಕೊಡುತ್ತಾರೆ.

ಸೀಟು ಬಂದ ಮೇಲೆ ನಾಲ್ಕು ಚಾಯ್ಸ್. ಒಂದು ಅಂದರೆ ಒಪ್ಪಿದೆ, ಸೇರುತ್ತೇನೆ. ಎರಡು ಅಂದರೆ ಇದು ಇರಲಿ, ಮೇಲಿನದು ಸಿಕ್ಕರೆ ಅದು ಕೊಡಿ. ಆದರೆ ಮೇಲಿನದು ಸಿಕ್ಕ ಕ್ಷಣ ಹಳೆಯದು ಹೋಗುತ್ತದೆ, ‘ಅಯ್ಯೋ ಅದೇ ಚೆನ್ನಾಗಿತ್ತು’ ಅನ್ನುವ ಹಾಗಿಲ್ಲ. ಮೂರು ಅಂದರೆ ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ. ಧೈರ್ಯ ಇದ್ದವರಿಗೆ ಮಾತ್ರ ಅದು. ನಾಲ್ಕು ಅಂದರೆ ಪೂರ್ತಿ ಹೊರಕ್ಕೆ.

ಪಿಯುಸಿ ಪರೀಕ್ಷೆ 1ರಲ್ಲಿ ಒಂದು ವಿಷಯ ಹೋಗಿದೆ ಅಂತ ಯಾರೂ ರೂಮಿನ ಬಾಗಿಲು ಹಾಕಿಕೊಳ್ಳಬೇಕಿಲ್ಲ. ಅದೇ ವರ್ಷ ಮತ್ತೆ ಬರೆಯುವ ಅವಕಾಶ ಇದೆ. ಪಾಸಾಗಿ ಅಂಕ ಸಾಲದು ಅನ್ನಿಸಿದವರೂ ಬರೆಯಬಹುದು, ಜಾಸ್ತಿ ಬಂದದ್ದೇ ಉಳಿಯುತ್ತದೆ.

ಕಾಲೇಜಿಗೆ ಸೇರುವ ದಿನ ಮೂಲ ಅಂಕಪಟ್ಟಿ, ಟಿಸಿ ಕೇಳುತ್ತಾರೆ. ಕೊಡುವ ಮುಂಚೆ ಪ್ರತಿಯೊಂದರದ್ದೂ ಐದೈದು ಜೆರಾಕ್ಸ್, ಒಂದು ಸ್ಕ್ಯಾನ್ ಮಾಡಿಸಿಡಿ. ಕೊಟ್ಟದ್ದಕ್ಕೆ ಸೀಲು ಹಾಕಿದ ರಸೀದಿ ಈಸಿಕೊಳ್ಳಿ. ಕೌಂಟರಿನಲ್ಲಿ ‘ಅದೆಲ್ಲ ಬೇಡ ಬಿಡಿ’ ಅನ್ನುತ್ತಾರೆ. ಅಂದರೂ ನಗುನಗುತ್ತಾ ಅಲ್ಲೇ ನಿಂತಿರಿ, ಬರೆದುಕೊಡುತ್ತಾರೆ.