ಹುಬ್ಬಳ್ಳಿಯಿಂದ ಮೈಸೂರಿಗೆ: ವಿಮಾನದ ದೂರ, ಸಮಯ ಲೆಕ್ಕ ಹಾಕುವುದು ಹೇಗೆ

ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ತಿಳಿಯಲು ಅವುಗಳ ಅಕ್ಷಾಂಶ, ರೇಖಾಂಶ ಮತ್ತು ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಹುಬ್ಬಳ್ಳಿಯ ಗೋಕುಲ ರಸ್ತೆಯ ನಿಲ್ದಾಣ 15.36 ಉತ್ತರ, 75.08 ಪೂರ್ವದಲ್ಲಿದೆ. ಮೈಸೂರಿನ ಮಂಡಕಳ್ಳಿ 12.23 ಉತ್ತರ, 76.66 ಪೂರ್ವದಲ್ಲಿದೆ.

ಅಕ್ಷಾಂಶದ ವ್ಯತ್ಯಾಸ 3.13. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಹಿಡಿದರೆ 347 ಕಿ.ಮೀ. ರೇಖಾಂಶದ ವ್ಯತ್ಯಾಸ 1.58. ರೇಖಾಂಶಗಳು ಧ್ರುವದ ಕಡೆ ಹೋದಂತೆ ಹತ್ತಿರವಾಗುವುದರಿಂದ ಇದನ್ನು 111ರಿಂದ ಮಾತ್ರವಲ್ಲ, ಎರಡೂ ಊರಿನ ಸರಾಸರಿ ಅಕ್ಷಾಂಶದ (13.8) ಕಾಸ್ ಬೆಲೆಯಿಂದಲೂ (ಕ್ಯಾಲ್ಕುಲೇಟರಿನ cos ಗುಂಡಿ ಕೊಡುವ ಕೊಸೈನ್) ಗುಣಿಸಬೇಕು. ಆ ಬೆಲೆ 0.97; ಉತ್ತರ 170 ಕಿ.ಮೀ. ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆದರೆ 386 ಕಿ.ಮೀ., ಅಂದರೆ ವಿಮಾನಯಾನದಲ್ಲಿ ಬಳಸುವ ಅಳತೆಯಲ್ಲಿ 208 ನಾಟಿಕಲ್ ಮೈಲಿ.

ಲೆಕ್ಕ ತಪ್ಪುವುದು ಎರಡು ಕಡೆ. ಕಾಸ್ ಬೆಲೆ 0.33ರ ಆಸುಪಾಸು ಬಂದರೆ ಕ್ಯಾಲ್ಕುಲೇಟರ್ ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿದೆ, ಡಿಗ್ರಿಗೆ ಬದಲಿಸಿ. ಇನ್ನು, 15 ಡಿಗ್ರಿ 22 ನಿಮಿಷ ಎಂದಿದ್ದರೆ ಅದು 15.22 ಅಲ್ಲ, 22ನ್ನು 60ರಿಂದ ಭಾಗಿಸಿ 15.37 ಎಂದು ಬರೆಯಬೇಕು. ಈ ಒಂದು ತಪ್ಪಿಗೇ 16 ಕಿ.ಮೀ. ಆಚೀಚೆ ಆಗುತ್ತದೆ.

ಸಮಯದ ವಿಷಯದಲ್ಲಿ ಯಾವ ವಿಮಾನ ಎನ್ನುವುದೇ ಮುಖ್ಯ. ಮಂಡಕಳ್ಳಿಯ ರನ್‌ವೇ 1,740 ಮೀಟರ್ ಮಾತ್ರ, ಆದ್ದರಿಂದ ಅಲ್ಲಿಗೆ ಬರುವುದು ಎಟಿಆರ್ 72ರಂಥ ಟರ್ಬೊಪ್ರಾಪ್, ಅಂದರೆ ಪ್ರೊಪೆಲ್ಲರ್ ಇರುವ ಸಣ್ಣ ವಿಮಾನ. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಜೆಟ್‌ನ 800 ಕಿ.ಮೀ. ವೇಗ ಹಿಡಿದು ಕೊಟ್ಟ ಆನ್‌ಲೈನ್ ಲೆಕ್ಕವನ್ನು ಇಲ್ಲಿ ನಂಬಬೇಡಿ. 386ನ್ನು 500ರಿಂದ ಭಾಗಿಸಿದರೆ 46 ನಿಮಿಷ. ಮೇಲೇರಲು, ತಿರುಗಿ ಇಳಿಯಲು 15 ನಿಮಿಷ, ನೆಲದ ಮೇಲಿನ ಓಡಾಟಕ್ಕೆ 10 ನಿಮಿಷ ಸೇರಿಸಿ: 1 ಗಂಟೆ 10 ನಿಮಿಷ. ಗಂಟೆಗೆ 40 ಕಿ.ಮೀ. ಎದುರುಗಾಳಿ ಇದ್ದರೂ ಹೆಚ್ಚಾಗುವುದು ನಾಲ್ಕೇ ನಿಮಿಷ. ಇಷ್ಟು ಹತ್ತಿರದ ದಾರಿಯಲ್ಲಿ ಗಾಳಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ನಿಜವಾಗಿ ತಡ ಮಾಡುವುದು ಚಳಿಗಾಲದ ಬೆಳಗಿನ ಮಂಜು.

ಮನೆಯಿಂದ ಮನೆಗೆ ಎಷ್ಟು ಹೊತ್ತು? ನಿಲ್ದಾಣ ತಲುಪಲು 30 ನಿಮಿಷ, ಒಳಗೆ 90 (ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುತ್ತದೆ, ಸಣ್ಣ ನಿಲ್ದಾಣವೆಂದು ಸಡಿಲಿಕೆ ಇರುವುದಿಲ್ಲ), ಪ್ರಯಾಣ 70, ಬ್ಯಾಗು ಪಡೆಯಲು 20, ಮಂಡಕಳ್ಳಿಯಿಂದ ಊರೊಳಗೆ 30. ಒಟ್ಟು ನಾಲ್ಕು ಗಂಟೆ.

ಇದೆಲ್ಲ ನೇರ ವಿಮಾನ ಇದ್ದಾಗಿನ ಮಾತು. ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕೊಡುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಸಹಾಯಧನ ಮೂರು ವರ್ಷಕ್ಕೆ ಸೀಮಿತ, ಆಮೇಲೆ ಹಾರಾಟ ನಿಲ್ಲುವ ಮಾರ್ಗಗಳಿವೆ. ಹಾಗಾಗಿ ಹೊರಡುವ ವಾರದ ವೇಳಾಪಟ್ಟಿಯನ್ನೇ ನೋಡಿ, ಹಳೆಯ ಪಟ್ಟಿ ಹಿಡಿದು ಕೂರಬೇಡಿ. ನೇರ ವಿಮಾನ ಇಲ್ಲದಿದ್ದರೆ ಬೆಂಗಳೂರಿಗೆ ಹಾರಿ, ಕೆಂಪೇಗೌಡ ನಿಲ್ದಾಣದಿಂದಲೇ ಮೈಸೂರಿಗೆ ಹೊರಡುವ ಕೆಎಸ್‌ಆರ್‌ಟಿಸಿ ಫ್ಲೈಬಸ್ ಹಿಡಿಯಬಹುದು. ಆ ಬಸ್ಸಿಗೇ ಸುಮಾರು ನಾಲ್ಕು ಗಂಟೆ ಬೇಕು. ಒಟ್ಟು ಸಮಯ ರಸ್ತೆ ಪ್ರಯಾಣದಷ್ಟೇ ಆಗುವುದರಿಂದ, ಆ ದಿನ ರಾತ್ರಿ ರೈಲೇ ಮೇಲು.