ಆರ್ಕೇಡ್ ಪೆಟ್ಟಿಗೆಗೆ ರೋಲರ್‌ನಲ್ಲೇ ಬಣ್ಣ: ದುಡ್ಡು ಹಾಕಬೇಕಾದ್ದು ಅಂಚಿಗೆ

ನನ್ನ ಆರ್ಕೇಡ್ ಪೆಟ್ಟಿಗೆ (ಎದುರು ನಿಂತು ಬಟನ್ ಒತ್ತಿ ಆಡುವ ವಿಡಿಯೊ ಗೇಮ್ ಪೆಟ್ಟಿಗೆ) ಬಣ್ಣ ಹಚ್ಚಿಸಿಕೊಂಡು ಒಂದು ಮಳೆಗಾಲ ದಾಟಿದೆ. ಅದೂ ಬೆಳಗಾವಿಯ ಮಳೆಗಾಲ. ಅಂಚು ಉಬ್ಬಿಲ್ಲ, ಪದರ ಎದ್ದಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮೇಲೆ ಸಾದಾ ಆಯಿಲ್ ಎನಾಮೆಲ್, ಅದನ್ನೂ ರೋಲರ್‌ನಲ್ಲಿ ಹಚ್ಚುತ್ತೇನೆ ಎಂದಾಗ ನಗದವರೇ ಇಲ್ಲ. ಉದ್ಯಮಬಾಗ್ ಕಡೆಯ ಒಬ್ಬ ಸ್ಪ್ರೇ ಮಿಸ್ತ್ರಿ ಮುಖಕ್ಕೇ ಹೇಳಿದ: "ಸರ್, ಇದು ಎರಡ್ ತಿಂಗಳಾಗ ಉದುರ್ತೈತಿ ನೋಡ್ರಿ. ಪಿಯು ಹೊಡಸ್ರಿ, ಹತ್ತ್ ಸಾವಿರದಾಗ ಮುಗಿಸಿ ಕೊಡ್ತೀನಿ." ಹಲಗೆಗೇ ನನಗೆ ಅದರ ಅರ್ಧ ಖರ್ಚಾಗಿರಲಿಲ್ಲ! ಮನೆಯಲ್ಲೇ ಪಿಯು (ಪಾಲಿಯುರೆಥೇನ್, ಹಾರ್ಡನರ್ ಬೆರೆಸಿ ಹೊಡೆಯುವ ಗಟ್ಟಿ ಬಣ್ಣ) ಹೊಡೆಯೋಣವೆಂದರೆ ಅದರ ಹಾರ್ಡನರ್‌ನಲ್ಲಿ ಐಸೋಸಯನೇಟ್ ಎಂಬ, ಉಸಿರಿಗೆ ಅಪಾಯದ ರಾಸಾಯನಿಕ ಇರುತ್ತದೆ. ಸರಿಯಾದ ಮಾಸ್ಕ್ ಇಲ್ಲದೆ, ಮಕ್ಕಳು ಓಡಾಡುವ ಮನೆಯಲ್ಲಿ ಅದು ಬೇಡ.

ಸಮಸ್ಯೆ ಇರುವುದು ಬಣ್ಣದಲ್ಲಲ್ಲ, ಅಂಚಿನಲ್ಲಿ. ಟಿ-ಮೋಲ್ಡಿಂಗ್ (ಅಂಚು ಮುಚ್ಚುವ ಪ್ಲಾಸ್ಟಿಕ್ ಪಟ್ಟಿ) ಹಾಕುವವರಿಗೆ ಈ ತಲೆನೋವಿಲ್ಲ. 18 ಎಂಎಂ ಹಲಗೆಗೆ ಹೊಂದುವಂಥದ್ದು ನನಗೆ ಇಲ್ಲಿ ಸಿಗಲಿಲ್ಲ. ಹೊರಗಿಂದ ತರಿಸಿದರೆ ಮೋಲ್ಡಿಂಗ್‌ಗಿಂತ ಕೊರಿಯರ್ ಖರ್ಚೇ ಜಾಸ್ತಿ. ಹಾಗಾಗಿ ಪಟ್ಟಿಯಿಲ್ಲದ ಬರಿ ಅಂಚಿಗೇ ಬಣ್ಣ. ಎಂಡಿಎಫ್‌ನ ಮುಖ ಬಿಗಿಯಾಗಿರುತ್ತದೆ, ಕೊಯ್ದ ಅಂಚು ಮಾತ್ರ ಕೊಟ್ಟಷ್ಟೂ ಕುಡಿಯುತ್ತದೆ.

ಉಳಿದ ತುಂಡುಗಳ ಮೇಲೆ ಒಂದೊಂದಾಗಿ ಪರೀಕ್ಷೆ ಮಾಡಿದೆ. ವಾಟರ್ ಬೇಸ್ ಪ್ರೈಮರ್ ಹಚ್ಚಿದ್ದೇ ತಡ, ನಾರೆಲ್ಲ ಎದ್ದು ಮೂರು ದಿನದ ಗಡ್ಡದ ಹಾಗಾಯಿತು. ಅಂಚು ಬೇರೆ ಉಬ್ಬಿತು. ನೀರು ಬೆರೆಸಿದ ಫೆವಿಕಾಲ್ ಅಂಚಿಗೆ ಸವರಿ ಅಂತ ಎಲ್ಲರೂ ಹೇಳ್ತಾರಲ್ವಾ? ಅದು ಅಂಚನ್ನು ಮುಚ್ಚುತ್ತದೆ ನಿಜ. ಆದರೆ ಉಜ್ಜಲು ಹೋದರೆ ಬಿಸಿಗೆ ಮೆತ್ತಗಾಗಿ ಪಾಲಿಶ್ ಪೇಪರ್‌ಗೇ ಅಂಟಿಕೊಳ್ಳುತ್ತದೆ. ಗೋಡೆ ಪುಟ್ಟಿ ಮೂಲೆಯಲ್ಲಿ ಒಂದೇ ಏಟಿಗೆ ಸಿಡಿಯಿತು. ಎನ್‌ಸಿ ಲ್ಯಾಕರ್ (ಬೇಗ ಒಣಗುವ ನೈಟ್ರೋಸೆಲ್ಯುಲೋಸ್ ವಾರ್ನಿಶ್) ಜುಲೈ ತಿಂಗಳ ತೇವಕ್ಕೆ ಬೆಳ್ಳಗೆ ಮಂಜು ಹಿಡಿಯಿತು. ಅದೇ ಲ್ಯಾಕರನ್ನು ಎನಾಮೆಲ್ ಮೇಲೆ ಹೊಡೆದ ತುಂಡಂತೂ ಪೂರ್ತಿ ಸುಕ್ಕುಗಟ್ಟಿತು. ಅದರ ಥಿನ್ನರ್ ಕೆಳಗಿನ ಪದರವನ್ನೇ ಎಬ್ಬಿಸುತ್ತದೆ.

ಗೆದ್ದದ್ದು ಅರಗು. ಸ್ಪಿರಿಟ್‌ನಲ್ಲಿ ಕರಗಿಸುವ ಅದೇ ಹಳೇ ಶೆಲ್ಲಾಕ್. ಅದರಲ್ಲಿ ನೀರು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ನಾರು ಉಬ್ಬುವುದಿಲ್ಲ. ಗಂಟೆಯೊಳಗೆ ಒಣಗುತ್ತದೆ. ಸ್ಕ್ರೂ ತೂತು ಮೊದಲೇ ತುಂಬಿಸಿ, ಅಂಚಿಗೆ ತೆಳ್ಳಗೆ ಮೂರು ಸಲ ಸವರಿದೆ. ನಡುನಡುವೆ 220 ನಂಬರಿನ ಪಾಲಿಶ್ ಪೇಪರಿನಲ್ಲಿ ಉಜ್ಜಿದೆ. ಆಮೇಲೆ ಆಯಿಲ್ ಬೇಸ್ ವುಡ್ ಪ್ರೈಮರ್ ಎರಡು ಕೋಟ್, 320ರ ಪೇಪರ್, ಮೇಲೆ ಸ್ಯಾಟಿನ್ (ಅರೆ ಹೊಳಪಿನ) ಕಪ್ಪು ಎನಾಮೆಲ್ ಮೂರು ಕೋಟ್. ಕೋಟ್‌ಗೆ ಕೋಟ್ ಒಂದು ದಿನ ಬಿಟ್ಟು. ಅರಗೂ ತೇವಕ್ಕೆ ಬೆಳ್ಳಗಾಗುತ್ತದೆ, ಹಾಗಾಗಿ ಇದನ್ನೆಲ್ಲ ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ ಮಾಡಿದೆ.

ಅರಗಿನ ಮೇಲೆ ಬಣ್ಣ ನಿಲ್ಲುವುದಿಲ್ಲ ಎಂಬ ಪಿಯುನವರ ಅನುಮಾನ ಪೂರ್ತಿ ಸುಳ್ಳಲ್ಲ. ಮೇಣ ತೆಗೆಯದ ಅರಗಿನ ಮೇಲೆ ಪಿಯು ಸರಿಯಾಗಿ ಹಿಡಿಯುವುದಿಲ್ಲ. ಬ್ಲೇಡಿನಿಂದ ಚೌಕಳಿ ಗೀರಿ, ಸೆಲ್ಲೋಟೇಪ್ ಅಂಟಿಸಿ ಎಳೆದೆ. ಅರಗಿನ ಮೇಲೆ ಪಿಯು ಹೊಡೆಸಿದ ತುಂಡಿನಲ್ಲಿ ಚೌಕಗಳೇ ಟೇಪಿನ ಜೊತೆ ಬಂದವು. ಪ್ರೈಮರ್ ಮೇಲಿನ ಎನಾಮೆಲ್ ಅಲ್ಲಾಡಲಿಲ್ಲ. ಆ ಎರಡೂ ತುಂಡು ಒಯ್ದು ಮಿಸ್ತ್ರಿಗೆ ತೋರಿಸಿದೆ. ಆತ ಏನೂ ಹೇಳಲಿಲ್ಲ, ಚಹಾ ತರಿಸಿದ.

ಸ್ಯಾಟಿನ್ ಡಬ್ಬವನ್ನು ತಳದಿಂದ ಚೆನ್ನಾಗಿ ತಿರುವಿ. ಹೊಳಪು ತಗ್ಗಿಸುವ ಪುಡಿ ಕೆಳಗೆ ಕುಳಿತಿರುತ್ತದೆ. ತಿರುವದಿದ್ದರೆ ಒಂದು ಕಡೆ ಮಿಣಮಿಣ, ಇನ್ನೊಂದು ಕಡೆ ಮಂಕು. 4 ಇಂಚಿನ ಫೋಮ್ ರೋಲರ್ ಸಾಕು. ಕೊನೆಯ ಕೋಟ್‌ಗೆ ಟರ್ಪಂಟೈನ್ ಜೊತೆ ಇನ್ನೊಂದು ಸೇರಿಸುತ್ತೇನೆ, ರೋಲರ್ ಗುರುತು ತಾನಾಗಿಯೇ ಕೂರುತ್ತದೆ. ಏನದು ಅಂತ ಮಾತ್ರ ಕೇಳಬೇಡಿ.

ನಡುವೆ ಒಂದು ಹುಚ್ಚು ಪ್ರಯೋಗ. ಶಾಲೆಯ ಕರಿಹಲಗೆಗೆ ಹಚ್ಚುವ ಬಣ್ಣ ಅಗ್ಗ, ಒಂಚೂರೂ ಹೊಳೆಯಲ್ಲ. ಪಕ್ಕದ ಹಲಗೆಗೆ ಅದೇ ಹಚ್ಚಿದರೆ ಹೇಗೆ? ಬೆವರಿನ ಅಂಗೈ ಗುರುತು ಬಿದ್ದರೆ ಹೋಗುವುದಿಲ್ಲ, ಮಕ್ಕಳು ಸೀಮೆಸುಣ್ಣ ಹಿಡಿದು ಬಂದೇ ಬಿಡುತ್ತಾರೆ. ಆದರೆ ಪರದೆಯ ಸುತ್ತಿನ ಚೌಕಟ್ಟಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಬೆಳಕು ತಿರುಗಿ ಕಣ್ಣಿಗೆ ಹೊಡೆಯುವುದಿಲ್ಲ.

ಪಕ್ಕಕ್ಕೆ ಪಟ್ಟೆ ಎಳೆದೆ: ಹಳದಿ ಮೇಲೆ, ಕೆಂಪು ಕೆಳಗೆ. ನವೆಂಬರ್ 1 ಹತ್ತಿರ ಬಂದಿತ್ತು, ನಮ್ಮೂರಲ್ಲಿ ಬೇರೆ ಬಣ್ಣ ಹೊಳೆಯುತ್ತದೆಯೇ? ಕಪ್ಪಿನ ಮೇಲೆ ಹಳದಿ ನೇರವಾಗಿ ಹಚ್ಚಬೇಡಿ, ಎಷ್ಟು ಕೋಟ್ ಕೊಟ್ಟರೂ ಹಸಿರು ಹಸಿರಾಗಿ ಕಾಣುತ್ತದೆ. ಕೆಳಗೆ ಬಿಳಿ ಕೊಡಿ. ಮಾಸ್ಕಿಂಗ್ ಟೇಪ್ ಹಚ್ಚಿದ ಮೇಲೆ ಮೊದಲು ಕಪ್ಪನ್ನೇ ಟೇಪಿನ ಅಂಚಿಗೆ ಸವರಿ. ಸೋರಿದರೂ ಕಪ್ಪೇ ಸೋರುತ್ತದೆ, ಗೆರೆ ದಾರ ಹಿಡಿದಂತೆ ಬರುತ್ತದೆ.

ಬಟನ್ ಕೂರಿಸಲು ಮಾತ್ರ ಮೂರು ವಾರ ಕಾಯಿರಿ. ಮುಟ್ಟಿದರೆ ಒಣಗಿರುತ್ತದೆ, ಒಳಗೆ ಮೆತ್ತಗಿರುತ್ತದೆ. 30 ಎಂಎಂ ತೂತಿನ ಒಳಗೂ ಬಣ್ಣ ಕೂತು ಬಿಗಿಯಾಗುತ್ತದೆ, ಪೇಪರ್ ಸುತ್ತಿ ಉಜ್ಜಿಕೊಳ್ಳಿ.

ಲೆಕ್ಕ ಅಂದಾಜು ಹೇಳ್ತೀನಿ. ಅರಗು, ಸ್ಪಿರಿಟ್ 300 ರೂಪಾಯಿ, ಪ್ರೈಮರ್ 300, ಕಪ್ಪು 400, ರೋಲರ್, ಟೇಪ್, ಪೇಪರ್, ಪಟ್ಟೆಯ ಸಣ್ಣ ಡಬ್ಬ ಸೇರಿ 500ರ ಮೇಲೆ. ಪ್ರಯೋಗಕ್ಕೆ ಹೋದದ್ದು ಇದಕ್ಕಿಂತ ಜಾಸ್ತಿ. ಆ ಲೆಕ್ಕ ಇನ್ನೂ ಮನೆಯಲ್ಲಿ ಹೇಳಿಲ್ಲ.

ಈಗ ಬಾಗಲಕೋಟೆಯಲ್ಲಿ ನಮ್ಮ ಕಾಕಾನ ಮಗ ಇದೇ ಅಳತೆಯ ಪೆಟ್ಟಿಗೆ ಕೊಯ್ಸಿದ್ದಾನೆ. ಅಲ್ಲಿಯ ಬೇಸಿಗೆಗೆ ಅರಗು ಬೆಳ್ಳಗಾಗುವ ಚಿಂತೆಯಿಲ್ಲ, ಆದರೆ ಎನಾಮೆಲ್ ಬೇಗ ಒಣಗಿ ರೋಲರ್ ಕೆಳಗೇ ಎಳೆದುಕೊಳ್ಳುತ್ತದೆ. ಬೆಳಿಗ್ಗೆ 8ರೊಳಗೆ ಮುಗಿಸು, ಟರ್ಪಂಟೈನ್ ಒಂಚೂರು ಜಾಸ್ತಿ ಹಾಕು ಎಂದಿದ್ದೇನೆ. ಅವನು ಇನ್ನೂ ಪಿಯು ಗುಂಗಿನಲ್ಲೇ ಇದ್ದಾನೆ.